ಗಿರಣಿ ಗೋಡೆಯ ಮೇಲೆ ಒಂದು ಮೊಳ ಜಾಗ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಮನೆಯಾಕೆ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಹೇಳಲಿ. ಸಿಟ್ಟಿನ ಬಗ್ಗೆ ನನಗೆ ಅಂಥ ನಾಚಿಕೆಯೇನಿಲ್ಲ. ಆದರೆ ಒಮ್ಮೆ ಆ ಸಿಟ್ಟನ್ನೇ ನ್ಯಾಯದ ಸಿಟ್ಟು ಎಂದು ನಾಲ್ಕು ಜನರೆದುರು ಮೆರೆಸಿದೆನಲ್ಲ, ಅದಕ್ಕೆ ನಾಚಿಕೆಯಾಗುತ್ತದೆ. ಈಗಲೂ ಅದು ನೆನಪಾದರೆ, ಸ್ನಾನದ ಮನೆಯಲ್ಲಿರಲಿ, ಬಸ್ಸಿನಲ್ಲಿರಲಿ, 'ಥೂ' ಎಂದು ಜೋರಾಗಿಯೇ ಅಂದುಬಿಡುತ್ತೇನೆ. ಬಸ್ಸಿನಲ್ಲಾದರೆ ಪಕ್ಕದವರು ತಮಗೇ ಅಂದನೇನೋ ಎಂದು ತಿರುಗಿ ನೋಡುತ್ತಾರೆ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ನಾನು ಚಿತ್ರದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆಗೆ ಕಂಪ್ಯೂಟರು ಬಂದಿತ್ತು, ಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬಂದಿತ್ತು, ಅದರ ಹಿಂದೆಯೇ ಬ್ಲಾಗಿನ ಹುಚ್ಚೂ ಬಂತು. ದೂರದ ಯಾವುದೋ ದೇಶದವರು ನಡೆಸುವ ಒಂದು ತಾಣ. ಒಂದು ಹೆಸರು ಕೊಟ್ಟರೆ ಸಾಕು, ನಾನು ಕೊಟ್ಟಂಥ ಸುಳ್ಳು ಹೆಸರಾದರೂ ಸರಿ, ಪುಕ್ಕಟೆ ಒಂದು ಪುಟ ಕೊಡುತ್ತಿದ್ದರು. ಆ ಪುಟದಲ್ಲಿ ನನ್ನ ಬರಹ ಬಿಟ್ಟರೆ ಬೇರೇನೂ ಇಲ್ಲ, ಒಂದು ಜಾಹೀರಾತೂ ಇಲ್ಲ. ಆಹಾ, ಆ ಬಿಳಿ ಪುಟ! ಕಚೇರಿಯಲ್ಲಿ ಹಗಲೆಲ್ಲ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಬರೆದು ಬರೆದು ಸವೆದ ಮನುಷ್ಯನಿಗೆ ಅದು ಎಂಥ ಸುಖ ಎಂದು ಬರೆಯುವವರಿಗೇ ಗೊತ್ತು. ಕನ್ನಡದಲ್ಲಿ ಬರೆಯುವ ಮೂವತ್ತು ನಲವತ್ತು ಜನ ಅಲ್ಲಿ ಒಬ್ಬರಿಗೊಬ್ಬರು ಗಂಟು ಬಿದ್ದಿದ್ದೆವು. ಒಬ್ಬ ಬರೆದರೆ ಉಳಿದವರು ಕೆಳಗೆ ಟಿಪ್ಪಣಿ ಹಾಕುವುದು, ಹೊಗಳುವುದು, ಜಗಳ ಕಾಯುವುದು. ಮುಖ ನೋಡಿದವರು ಒಬ್ಬರೂ ಇಲ್ಲ, ಆದರೂ ಬೀಗರಿಗಿಂತ ಹೆಚ್ಚು ಬಳಕೆ.

ನನ್ನ ಬರಹಗಳಲ್ಲಿ ಎಲ್ಲರಿಗೂ ಹಿಡಿಸಿದ್ದು ಒಂದೇ. ಅದು ಹೊಳಲ್ಕೆರೆಯ ನಮ್ಮ ಹಿಟ್ಟಿನ ಗಿರಣಿಯ ಗೋಡೆಯ ಬಗ್ಗೆ ಬರೆದದ್ದು. ಆ ಗೋಡೆಯ ಕಥೆಯನ್ನು ಮೊದಲು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬ್ಲಾಗಿನಲ್ಲಿ ಹಾಗೆ ಹೇಳಿರಲಿಲ್ಲ.

ನಮ್ಮ ಗಿರಣಿಯ ಎದುರಿಗೆ ಒಬ್ಬರು ಟೈಲರ್ ಇದ್ದರು. ಊರಿಗೆಲ್ಲ ಅವರು ಟೈಲರ್ ಮಾವ. ಗಿರಣಿಗೆ ರಾಗಿ, ಜೋಳ ಹೊತ್ತು ತಂದ ಹೆಂಗಸರು ಸರತಿಯಲ್ಲಿ ಡಬ್ಬಿ ಇಟ್ಟು ಗಂಟೆಗಟ್ಟಲೆ ಕೂರುವುದನ್ನು ನೋಡಿ, ಅವರು ನಮ್ಮಪ್ಪನನ್ನು ಕೇಳಿ, ರಸ್ತೆ ಕಡೆಯ ಗೋಡೆಗೆ ಇದ್ದಿಲ ಪುಡಿ, ತೊಂಡೆಸೊಪ್ಪು ಅರೆದು ಬಳಿದು ಶಾಲೆಯ ಬೋರ್ಡಿನಂತೆ ಕಪ್ಪಗೆ ಮಾಡಿದ್ದರು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು, ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಚೂರು ಹಿಡಿದು ಅದರ ಮೇಲೆ ಬರೆಯುತ್ತಿದ್ದರು. ಕರೆಂಟು ಎಷ್ಟೊತ್ತಿಗೆ ಹೋಗುತ್ತದೆ, ಬಿ.ದುರ್ಗದ ಬಸ್ಸು ಬರುತ್ತದೋ ಇಲ್ಲವೋ, ಹಿರಿಯೂರಿನಲ್ಲಿ ತೆಂಗಿನಕಾಯಿ ಧಾರಣೆ ಏನು, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ. ಓದಲು ಬಾರದವರಿಗೆ ಬರುವವರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹತ್ತನೇ ತರಗತಿಯ ಫಲಿತಾಂಶದ ದಿನವಂತೂ ರಸ್ತೆಯಲ್ಲಿ ಸೈಕಲ್ಲು ಹೋಗಲೂ ಜಾಗವಿರುತ್ತಿರಲಿಲ್ಲ.

ಅವರದು ಒಂದೇ ಕಟ್ಟುನಿಟ್ಟು. ವ್ಯಾಪಾರದ ಮಾತು ಬರೆಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಡಿಗ್ರಿ ಮುಗಿಸಿ ಕೆಲಸ ಸಿಗದೆ ನಾನೇ ಗಿರಣಿ ನೋಡಿಕೊಳ್ಳುತ್ತಿದ್ದೆ. ಅಪ್ಪ ಹೊಲದ ಕಡೆ ಹೋಗಿ ಗಿರಣಿಯನ್ನು ನನಗೆ ಬಿಟ್ಟಿದ್ದರು. ಖಾರದಪುಡಿಯ ಹೊಸ ಮಷೀನು ಹಾಕಿಸಿದೆ. ಅದನ್ನು ಗೋಡೆ ಮೇಲೆ ಒಂದು ಸಾಲು ಬರೆಯಿರಿ ಎಂದು ಟೈಲರ್ ಮಾವನನ್ನು ಕೇಳಿದೆ.

"ಅಂಗಡಿ ಮಾತು ಇದ್ರಾಗೆ ಬ್ಯಾಡಪ್ಪ," ಅಂದರು. "ಇವತ್ತು ನಿನ್ನ ಖಾರದ ಮಷೀನು ಬರುದ್ರೆ ನಾಳೆ ಬಟ್ಟೆ ಅಂಗಡಿಯೋನು ಬತ್ತಾನೆ. ನಾಡಿದ್ದು ನಾನೇ ನನ್ನ ಹೊಲಿಗೆ ಬಗ್ಗೆ ಬರ್ಕಂತೀನಿ. ಆಮೇಲೆ ಯಾರು ಸತ್ರು ಅಂತ ಬರಿಯಾಕೆ ಜಾಗ ಎಲ್ಲೈತೆ?"

ನನಗೆ ಪಿತ್ತ ನೆತ್ತಿಗೇರಿತು. ಗೋಡೆ ನಮ್ಮದು, ಮಷೀನು ನಮ್ಮದು, ನಮ್ಮ ಗೋಡೆಯ ಮೇಲೆ ನಮ್ಮ ಮಾತಿಗೇ ಜಾಗವಿಲ್ಲ! ಆ ಸಿಟ್ಟನ್ನು ಒಳಗೇ ಇಟ್ಟುಕೊಂಡೆ.

ಅದಾಗಿ ತಿಂಗಳಿರಬಹುದು, ಹಿರಿಯೂರಿನ ಕಡೆಯಿಂದ ನನಗೊಂದು ಹೆಣ್ಣಿನ ಸಂಬಂಧ ಬಂತು. ನಾವು ಹೋಗಿ ನೋಡಿ ಬಂದಿದ್ದೆವು. ಮುಂದಿನ ವಾರ ಹೆಣ್ಣಿನ ಕಡೆಯವರು ನಮ್ಮ ಮನೆ, ಗಿರಣಿ ನೋಡಲು ಬರುವವರಿದ್ದರು. ಅದೇ ಹೊತ್ತಿಗೆ ಹೆದ್ದಾರಿಯುದ್ದಕ್ಕೂ ಗೋಡೆ ಗೋಡೆಗೆ ಜಾಹೀರಾತು ಬರೆದುಕೊಂಡು ಬರುತ್ತಿದ್ದ ಚಹಾಪುಡಿ ಕಂಪನಿಯ ಪೇಂಟರ್ ನಮ್ಮೂರಿಗೂ ಬಂದ. ರಸ್ತೆ ಕಡೆಯ ಗೋಡೆ ಕೊಟ್ಟರೆ ಗಿರಣಿಯ ಮುಂಭಾಗಕ್ಕೆಲ್ಲ ಬಣ್ಣ ಹೊಡೆದು, ಬಾಗಿಲ ಮೇಲೆ ನಮ್ಮ ಹೆಸರನ್ನೂ ಚಂದಾಗಿ ಬರೆದುಕೊಡುತ್ತೇನೆ ಅಂದ. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಯೋಚಿಸಿದೆ. ಎದುರಿನ ಹೊಲಿಗೆ ಅಂಗಡಿಯ ಕಡೆ ನೋಡಿದೆ. ಅವತ್ತು ಬಾಗಿಲು ಹಾಕಿತ್ತು, ಮಾವ ಯಾವುದೋ ಮದುವೆಗೆ ಹೋಗಿದ್ದರು. ಇದೇ ಸಮಯ ಅಂದುಕೊಂಡೆ.

ಎರಡೇ ದಿನದಲ್ಲಿ ಕಪ್ಪು ಗೋಡೆ ಹಳದಿಯಾಯಿತು. ಅದರ ತುಂಬ ಒಬ್ಬ ಹೆಂಗಸು, ಕೈಯಲ್ಲಿ ಚಹಾದ ಕಪ್-ಬಸಿ, ಹಲ್ಲು ಕಾಣುವ ನಗು. ಮೇಲಿನಿಂದ ಕೆಳಗಿನವರೆಗೆ ಒಂದು ಗೇಣೂ ಬಿಟ್ಟಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಟೈಲರ್ ಮಾವ ಬೆರಳ ಸಂದಿಯಲ್ಲಿ ಸೀಮೆಸುಣ್ಣ ಹಿಡಿದು ಬಂದರು. ಗೋಡೆ ನೋಡಿ ನಿಂತರು. ಅವರ ಹಿಂದೆ ಅವರ ಮಗಳು, ಆರೇಳನೇ ತರಗತಿಯ ಹುಡುಗಿ, ಶಾಲೆಗೆ ಹೊರಟವಳು. ಅವರು ಬೈಯಲಿ ಎಂದು ನಾನು ಸಿದ್ಧವಾಗಿ ನಿಂತಿದ್ದೆ. ಅವರು ಬೈಯಲಿಲ್ಲ.

"ಕೆಳಗೆ ಒಂದು ಮೊಳ ಜಾಗ ಬಿಡಿಸಿದ್ರೆ ಸಾಕಾಗಿತ್ತಲ್ಲಪ್ಪ," ಅಂದರು ಅಷ್ಟೇ.

"ಗ್ವಾಡೆ ನಮ್ದು ಮಾವ. ನಮ್ಮಿಷ್ಟ," ಅಂದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಊರಿನವರು ಮಾತಾಡಿದರು. ಕೆಲವರು "ಚಂದಾಗೈತೆ ಬಿಡು, ಗಿರಣಿಗೆ ಕಳೆ ಬಂತು" ಅಂದರು. ಕೆಲವರು ನನ್ನ ಮುಖ ನೋಡದೆ ಹಿಟ್ಟು ಬೀಸಿಸಿಕೊಂಡು ಹೋದರು. ಅಪ್ಪ ಹೊಲದಿಂದ ಬಂದವರು, "ಒಂದು ಮಾತು ಕೇಳಬಾರದೇನಲೇ ಆ ಮನುಷ್ಯನ್ನ?" ಅಂದರು. ಹೆಣ್ಣಿನ ಕಡೆಯವರು ಹುಡುಗಿಯನ್ನೂ ಕರೆದುಕೊಂಡು ಬಂದು, ನೋಡಿ, ಮೆಚ್ಚಿಕೊಂಡು ಹೋದರು. ನಾನು ಗೆದ್ದೆ ಅಂದುಕೊಂಡೆ.

ಹದಿನೈದು ದಿನವಾಗಿರಬಹುದು. ಬಿ.ದುರ್ಗದ ಕಡೆಯ ಒಬ್ಬ ಅಜ್ಜಿ ರಾಗಿ ತಂದು ಸರತಿಯಲ್ಲಿ ಕೂತಿದ್ದಳು. ಒಂದು ತಾಸಿಗೂ ಮೇಲೆ ಕೂತು, ಹಿಟ್ಟು ಮಾಡಿಸಿಕೊಂಡು ಹೊರಟುಹೋದಳು. ಅವಳು ನಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಆ ಹೊತ್ತಿನಲ್ಲೇ, ಎರಡು ಬೀದಿ ಆಚೆ, ಅವಳ ಜೊತೆ ಆಡಿ ಬೆಳೆದ ಗೆಳತಿಯನ್ನು ಮಣ್ಣಿಗೆ ಒಯ್ಯುತ್ತಿದ್ದರು. ಯಾರೂ ಹೇಳಲಿಲ್ಲ. ಎಲ್ಲರೂ ಗೋಡೆ ಹೇಳುತ್ತದೆ ಎಂದು ರೂಢಿಯಾದವರು. ಮಾರನೇ ವಾರ ಬಂದವಳು ಗಿರಣಿಯ ಬಾಗಿಲಲ್ಲಿ ನಿಂತು ಕೂಗಿದಳು.

"ಆ ಚಾ ಕುಡಿಯೋಳು ಗ್ವಾಡೆ ಮ್ಯಾಲೆ ಹಲ್ಲು ಕಿರ್ಕಂಡು ಕುಂತವ್ಳೆ! ನಮ್ಮಕ್ಕನಂಥೋಳು ಸತ್ತು ಮಣ್ಣಾದ್ಲು, ನಂಗೆ ಗೊತ್ತಿಲ್ಲ! ಕಡೇ ಸಲ ಮುಖ ನೋಡ್ಲಿಲ್ಲ ಕಣಪ್ಪ ನಾನು!"

ನಾನು ಮಷೀನು ಓಡಿಸಿದೆ. ಅದರ ಸದ್ದಿನಲ್ಲಿ ಅವಳ ಮಾತು ಕೇಳದಿರಲಿ ಎಂದು. ಮುಂದೆ ನನಗೆ ಸರ್ಕಾರಿ ಕೆಲಸ ಸಿಕ್ಕಿತು, ಗಿರಣಿ ಕೈಬದಲಾಯಿತು, ಟೈಲರ್ ಮಾವನೂ ಅಂಗಡಿ ಮುಚ್ಚಿ ಎಲ್ಲಿಗೋ ಹೋದರು ಎಂದು ಕೇಳಿದೆ. ಎಲ್ಲಿಗೆ ಎಂದು ವಿಚಾರಿಸಲಿಲ್ಲ.

ಇಷ್ಟು ನಡೆದದ್ದು. ಬ್ಲಾಗಿನಲ್ಲಿ ನಾನು ಬರೆದದ್ದು ಬೇರೆ. ಅದರಲ್ಲಿ ಗೋಡೆಯಿತ್ತು, ಗೋಡೆಯ ನೆತ್ತಿಗೆ 'ಸುದ್ದಿ' ಎಂಬ ತಲೆಬರಹವಿತ್ತು, ಟೈಲರ್ ಮಾವ ಇದ್ದರು, ಸೀಮೆಸುಣ್ಣವಿತ್ತು, ಕಳೆದ ಎಮ್ಮೆಯೂ ಇತ್ತು. ಕೊನೆಯಲ್ಲಿ ಮಾತ್ರ, 'ಒಂದು ಮಳೆಗಾಲದಲ್ಲಿ ಗೋಡೆಯ ಕಪ್ಪೆಲ್ಲ ತೊಳೆದುಹೋಯಿತು, ಮತ್ತೆ ಬಳಿಯುವವರಿರಲಿಲ್ಲ, ಕಾಲ ಬದಲಾಗಿತ್ತು' ಎಂದು ಬರೆದಿದ್ದೆ. ಪಾಪ, ಮಳೆ ಏನು ಮಾಡಿತ್ತು! ನಮ್ಮ ಕಡೆ ಬರುವುದೇ ಅಪರೂಪ, ಬಂದ ಮಳೆಯ ಮೇಲೂ ಅಪವಾದ ಹೊರಿಸಿದ್ದೆ. ಓದಿದವರು ಕಣ್ಣು ತುಂಬಿತು ಎಂದು ಬರೆದರು. ನನಗೂ ನಿಧಾನಕ್ಕೆ ಅದೇ ನಿಜವೆನಿಸತೊಡಗಿತ್ತು.

ಹೀಗಿರುವಾಗ ಒಂದು ದಿನ ಆ ತಾಣದವರು ಪ್ರಕಟಣೆ ಹಾಕಿದರು. ಪುಕ್ಕಟೆಯಾಗಿ, ಜಾಹೀರಾತಿಲ್ಲದೆ ಕೊಡುತ್ತಿದ್ದ ಪುಟಗಳು ಇನ್ನು ಮುಂದೆ ಇಲ್ಲ. ಹೊಸದಾಗಿ ಸೇರುವವರು ಒಂದೋ ದುಡ್ಡು ಕಟ್ಟಬೇಕು, ಇಲ್ಲವೋ ಬರಹದ ಸುತ್ತ ಜಾಹೀರಾತು ಹಾಕಿಸಿಕೊಳ್ಳಬೇಕು. ಮೊದಲೇ ಇದ್ದ ನಮ್ಮಂಥವರಿಗೆ ಏನೂ ತೊಂದರೆಯಿಲ್ಲ, ಇದ್ದಂತೆಯೇ ಇರಬಹುದು. ಇದನ್ನೂ ಅವರು ನೆಟ್ಟಗೆ ಹೇಳಲಿಲ್ಲ. ಬೇರೆ ಏನೇನೋ ಸಮಾಚಾರದ ಅಡಿಯಲ್ಲಿ ತುರುಕಿದ್ದರು.

ಅಬ್ಬಬ್ಬಾ, ಎಂಥ ಗಲಾಟೆ ಅದು! ಎಲ್ಲ ಭಾಷೆಯವರೂ ಎದ್ದು ಕೂತರು. ಸಾವಿರಾರು ಟಿಪ್ಪಣಿ. 'ನಮ್ಮನ್ನು ಒಂದು ಮಾತು ಕೇಳಿದಿರಾ?' ಎಂದು ಒಬ್ಬರು, 'ನಾವು ಬರೆದದ್ದಕ್ಕಲ್ಲವೇ ನಿಮ್ಮ ತಾಣಕ್ಕೆ ಜನ ಬಂದದ್ದು?' ಎಂದು ಇನ್ನೊಬ್ಬರು. ಕೆಲವರು ತಮ್ಮ ಚಿತ್ರ ತೆಗೆದು ಆ ಜಾಗದಲ್ಲಿ ಕಪ್ಪು ಚೌಕ ಹಾಕಿಕೊಂಡರು. ಕೆಲವರು ಕಣ್ಣೀರಿಟ್ಟು ವಿದಾಯ ಬರೆದು, ನಾಲ್ಕು ದಿನ ಬಿಟ್ಟು ಸದ್ದಿಲ್ಲದೆ ವಾಪಸು ಬಂದರು. ಒಂದು ದಿನ ಯಾರೂ ಏನೂ ಬರೆಯಬಾರದು ಎಂದು ಮುಷ್ಕರ ಬೇರೆ ನಿಶ್ಚಯವಾಯಿತು.

ನಮ್ಮ ಕನ್ನಡದ ಗುಂಪಿನಲ್ಲಿ ಮುಂದಾಳು ಯಾರೆಂದುಕೊಂಡಿರಿ? ನಾನೇ! ಮೈಮೇಲೆ ಬಂದವನಂತೆ ಕೂತು ಒಂದು ಲೇಖನ ಕುಟ್ಟಿದೆ. ನಮ್ಮ ಗಿರಣಿ ಗೋಡೆಯನ್ನೇ ಎಳೆದು ತಂದೆ. 'ನಮ್ಮೂರಲ್ಲೊಂದು ಗೋಡೆಯಿತ್ತು. ಅದರ ಮೇಲೆ ಒಬ್ಬ ಬಡ ಟೈಲರ್ ಊರಿನ ಸುದ್ದಿ ಬರೆಯುತ್ತಿದ್ದರು. ಗೋಡೆ ನಮ್ಮದಾದರೂ ಅಕ್ಷರ ಊರಿನದು ಎಂದು ನಮಗೆ ಗೊತ್ತಿತ್ತು. ಒಂದು ದಿನವೂ ಅದರ ಮೇಲೆ ಜಾಹೀರಾತು ಬೀಳಲಿಲ್ಲ. ಹಳ್ಳಿಯ ಗಿರಣಿಯವನಿಗಿದ್ದ ಮರ್ಯಾದೆ ಈ ದೊಡ್ಡ ಕಂಪನಿಗಿಲ್ಲವೇ?' ಬರೆಯುವಾಗ ಒಂದು ಸಾಲೂ ಸುಳ್ಳೆನಿಸಲಿಲ್ಲ. ಅದೇ ನನಗೆ ಈಗಲೂ ಅರ್ಥವಾಗದ್ದು.

ಆ ಲೇಖನ ಹೇಗೆ ಹಬ್ಬಿತೆಂದರೆ, ಗುರುತಿಲ್ಲದವರೂ ಅದರ ಸಾಲುಗಳನ್ನು ತಮ್ಮ ಪುಟಗಳಲ್ಲಿ ಹಾಕಿಕೊಂಡರು. ಒಬ್ಬ ಮಾತ್ರ, 'ತಾಣ ಅವರದು ಸ್ವಾಮಿ, ಅವರಿಷ್ಟ. ಬಿಟ್ಟಿ ಸಿಕ್ಕಿದ್ದಕ್ಕೆ ಇಷ್ಟು ಹಾರಾಡುವುದೇ?' ಎಂದು ಬರೆದ. ಅವನಿಗೆ ನೀರಿಳಿಸಿದೆ. ಮಾನ ಮರ್ಯಾದೆ ಇದೆಯಾ ಎಂದು ಕೇಳಿದೆ. ನನ್ನ ಕಡೆಯವರೆಲ್ಲ ಭಲೇ ಅಂದರು.

ಮಾರನೇ ದಿನ ಭಾನುವಾರ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೊಸ ಟಿಪ್ಪಣಿ ನೋಡುತ್ತಿದ್ದೆ. ಹೊಗಳಿಕೆಗಳ ನಡುವೆ ಒಂದು ಹೀಗಿತ್ತು: 'ಗಿರಣಿ ಅಣ್ಣ, ನಾನು ಟೈಲರ್ ಮಗಳು. ಲೇಖನ ಚೆನ್ನಾಗೈತೆ. ಗೋಡೆಗೆ ಬಣ್ಣ ಹೊಡೆಸಿದ್ದು ಯಾರು ಅಂತಲೂ ಬರೆದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು. ಅಪ್ಪ ಚಿತ್ರದುರ್ಗದಲ್ಲಿ ನನ್ನ ಜೊತೆಗೇ ಅವ್ರೆ. ನಿಮ್ಮನ್ನ ಕೇಳ್ತಿರ್ತಾರೆ.'

ಇನ್ನೂ ಯಾರೂ ನೋಡಿರಲಿಕ್ಕಿಲ್ಲ ಎಂದು ಮೊದಲು ಹೊಳೆದದ್ದು. ಕೈ ತಾನೇ ಹೋಗಿ ಅಳಿಸುವ ಗುಂಡಿ ಒತ್ತಿತು. ಕೈ ತಾನೇ ಹೋಯಿತು ಅನ್ನುವುದೂ ಸುಳ್ಳೇ. ನಾನೇ ಒತ್ತಿದೆ.

ಹಿಂದೆ ನಿಂತಿದ್ದ ನಮ್ಮ ಮನೆಯಾಕೆ ಎಲ್ಲವನ್ನೂ ಓದಿದ್ದಳು. ನಾನು ನೋಡಿಕೊಂಡಿರಲಿಲ್ಲ.

"ಅಲ್ರೀ," ಅಂದಳು, "ಆ ಕಂಪನಿಯೋರು ನಿಮ್ಮನ್ನ ಕೇಳ್ಲಿಲ್ಲ ಅಂತ ವಾರದಿಂದ ಊಟ ನಿದ್ದೆ ಬಿಟ್ಟು ಕುಣೀತಿದ್ದೀರ. ಆ ಹುಡುಗಿ ಎಲ್ಡು ಮಾತು ಕೇಳಿದ್ರೆ ಅಳ್ಸಿ ಹಾಕ್ತೀರಲ್ಲ?"

"ನಿಂಗೇನು ಗೊತ್ತೇ?" ಎಂದು ರೇಗಿದೆ.

"ನಂಗೆ ಗೊತ್ತಿಲ್ಲೇನು? ನಾನು ಮನೆ ನೋಡಾಕೆ ಬಂದಾಗ ಆ ಚಾ ಕುಡಿಯೋ ಹೆಂಗಸು ಗ್ವಾಡೆ ಮ್ಯಾಲಿದ್ಲು. ಬಣ್ಣ ಅಲ್ಲಲ್ಲಿ ಇನ್ನೂ ಹಸಿ ಇತ್ತು, ನನ್ನ ರೇಷ್ಮೆ ಸೆರಗಿಗೆ ಮೆತ್ಕಂಡಿತ್ತು. ಮಳೆ ಬಂದು ತೊಳೀತು ಅಂತ ನೀವು ಬರ್ದಾಗಲೇ ಕೇಳಾಣ ಅಂದ್ಕಂಡೆ. ಚಂದ ಬರ್ದೀರಲ್ಲ ಅಂತ ಸುಮ್ಕಾದೆ."

ಹೊಗಳಿ ಬರೆದ ನಲವತ್ತು ಜನಕ್ಕೆ ಗೊತ್ತಾಗಬಾರದು ಎಂದು ಹೆದರಿದ್ದು ನನ್ನ ಮನೆಯಲ್ಲೇ ಇರುವವಳಿಗೆ ವರ್ಷಗಟ್ಟಲೆಯಿಂದ ಗೊತ್ತಿತ್ತು.

ಪುಟದಿಂದ ಅಳಿಸಿದರೂ ಆ ಟಿಪ್ಪಣಿಯ ಒಂದು ಪ್ರತಿ ನನ್ನ ಮಿಂಚಂಚೆಯಲ್ಲಿ ಉಳಿದಿತ್ತು. ಎರಡು ದಿನ ಅದನ್ನು ತೆರೆಯುವುದು, ಮುಚ್ಚುವುದು. ಕಚೇರಿಯಲ್ಲಿ ಫೈಲಿನ ಮೇಲೂ ಅದೇ ಕಾಣುತ್ತಿತ್ತು. ಮೂರನೇ ದಿನ ಆ ಹುಡುಗಿಗೆ ಎರಡು ಸಾಲು ಬರೆದೆ, 'ಮಾವನನ್ನು ನೋಡಬೇಕು, ಮನೆ ಎಲ್ಲಿ?' ಎಂದು. ಟಿಪ್ಪಣಿ ಯಾಕೆ ಅಳಿಸಿದಿರಿ ಎಂದು ಅವಳು ಕೇಳಲಿಲ್ಲ. ಚಂದ್ರವಳ್ಳಿಗೆ ಹೋಗುವ ದಾರಿಯಲ್ಲಿ ಇಂಥ ಕಡೆ ಎಂದು ಗುರುತು ಬರೆದು ಕಳಿಸಿದಳು. ಅವಳು ಶಾಲೆಯಲ್ಲಿ ಟೀಚರಾಗಿದ್ದಳು. ಇಷ್ಟು ವರ್ಷ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇದ್ದರು.

ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಹೋದೆವು. ನಾನೊಬ್ಬನೇ ಹೋದರೆ ಬಾಗಿಲಿನಿಂದಲೇ ವಾಪಸು ಬರುತ್ತೇನೆಂದು ಅವಳು ಬೆನ್ನು ಹತ್ತಿ ಬಂದಳು.

ಮಾವ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮಬ್ಬಾಗಿತ್ತು, ಸೂಜಿ ಬಿಟ್ಟು ಬಹಳ ದಿನವಾಗಿತ್ತಂತೆ. ದನಿ ಕೇಳಿಯೇ ಗುರುತು ಹಿಡಿದರು.

"ಗಿರಣಿ ಹುಡುಗ ಅಲ್ಲೇನಪ್ಪ? ಬರ್ರಿ, ಕುಂತ್ಕಳ್ರಿ. ಅಮ್ಮಯ್ಯ, ಚಾ ಇಡು."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ಮಾವ, ಆ ಗ್ವಾಡೆ..." ಎಂದೆ.

"ಹ್ಞೂ, ಓದಿಸ್ಕಂಡೆ," ಅಂದರು. "ಬಾಳ ಚಂದ ಬರ್ದೀಯ. ಒಂದು ತಪ್ಪೈತೆ."

ನಾನು ತಲೆ ತಗ್ಗಿಸಿದೆ. ಬರಲಿ, ಈಗಲಾದರೂ ಬೈಯಲಿ ಅಂದುಕೊಂಡೆ.

"ಮ್ಯಾಲೆ 'ಸುದ್ದಿ' ಅಂತ ಬರೀತಿದ್ರು ಅಂದೀಯ. ನಾನು 'ಇಂದು' ಅಂತ ಬರೀತಿದ್ದೆ. ಅದೊಂದು ತಿದ್ಕ."

ಅಷ್ಟೇ. ಮಳೆಯ ಮಾತು ಎತ್ತಲೇ ಇಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅವರು ಅದಕ್ಕೂ ಎಡೆ ಕೊಡಲಿಲ್ಲ. ಮಗಳು ಚಹಾ ತಂದಿಟ್ಟು ನನ್ನ ಮುಖವನ್ನೊಮ್ಮೆ ನೋಡಿದಳು. ಅವತ್ತು ಶಾಲೆಗೆ ಹೊರಟವಳು ನೋಡಿದ್ದಳಲ್ಲ, ಅದೇ ನೋಟ.

ಆಮೇಲೆ ಅವರು ಉತ್ಸಾಹದಿಂದ ಕಂಪ್ಯೂಟರಿನ ಕಡೆ ಕೈ ಮಾಡಿದರು. "ನಾನೂ ಒಂದು ಮಾಡ್ಕಂಡೀನಪ್ಪ. ನೀನು ಬರ್ದಿದ್ದು ಕೇಳಿದ ಮ್ಯಾಲೆ ಆಸೆ ಆತು. ಇವಳೇ ಮಾಡ್ಕೊಟ್ಳು. ನಾನು ಹೇಳ್ತೀನಿ, ಇವಳು ಬರೀತಾಳೆ."

ಮಗಳು ಪುಟ ತೆರೆದಳು. ನಮ್ಮದೇ ತಾಣ. ಅವರು ಸೇರಿ ಹತ್ತು ದಿನವೂ ಆಗಿರಲಿಲ್ಲ. ಹಾಗಾಗಿ ಹೊಸ ಕಾನೂನು ಬಿದ್ದದ್ದು ಅವರಂಥವರ ಮೇಲೆ. ನಮ್ಮಂಥ ಹಳಬರ ಪುಟ ಬೆಳ್ಳಗೆ ಹಾಗೇ ಇತ್ತು. ಇಷ್ಟು ದಿನ ಯಾರ ಪರವಾಗಿ ಕೂಗಾಡುತ್ತಿದ್ದೆನೋ ಅವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಮೇಲೆ 'ಇಂದು' ಎಂದಿತ್ತು. ಕೆಳಗೆ ನಾಲ್ಕೇ ಸಾಲು: ಬೀದಿಗೆ ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು, ಹೊಸದುರ್ಗದ ಬಸ್ಸು ನಿಲ್ಲುವ ಜಾಗ ಬದಲಾದದ್ದು, ಓಣಿಯ ಒಬ್ಬರು ತೀರಿಕೊಂಡದ್ದು. ಅದರ ಸುತ್ತ, ಎಡಕ್ಕೆ, ಬಲಕ್ಕೆ, ನೆತ್ತಿಯ ಮೇಲೆ, ಮಿಣಮಿಣ ಮಿನುಗುವ ಜಾಹೀರಾತುಗಳು.

ನನಗೆ ಮತ್ತೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಸಿಟ್ಟು ಬಂದರೆ ಎಷ್ಟು ಹಗುರವೆನಿಸುತ್ತದೆ! "ನೋಡ್ರಿ ಮಾವ, ಹೆಂಗೆ ಮಾಡ್ಯಾರೆ! ಸಾವಿನ ಸುದ್ದಿ ಪಕ್ಕನೂ ಬಿಟ್ಟಿಲ್ಲ. ಇದು ಬ್ಯಾಡ ನಿಮಗೆ. ನನ್ನ ಪುಟ ಹಳೇದು, ಅದ್ರಾಗೆ ಒಂದೂ ಜಾಹೀರಾತಿಲ್ಲ. ನಿಮ್ದು ದಿನಾ ಅಲ್ಲೇ ಹಾಕಾಣ," ಅಂದೆ. ಪ್ರಾಯಶ್ಚಿತ್ತಕ್ಕೆ ದಾರಿ ಸಿಕ್ಕಿತು ಎಂದು ದನಿಯೂ ಏರಿತ್ತು.

ಮಾವ ನಕ್ಕರು.

"ಬ್ಯಾಡಪ್ಪ. ಅದು ನಿನ್ನ ಗ್ವಾಡೆ," ಅಂದರು. ಪರದೆಯ ಹತ್ತಿರಕ್ಕೆ ಬಾಗಿ, ಮಬ್ಬುಗಣ್ಣಿನಲ್ಲಿ ಆ ಮಿನುಗುವ ಬಣ್ಣಗಳನ್ನು ನೋಡುತ್ತಾ, "ಇವ್ರೇನು ಚಾನಾದ್ರೂ ಮಾರ್ಲಿ, ಸೋಪಾದ್ರೂ ಮಾರ್ಲಿ. ಬರಿಯಾಕೆ ಒಂದು ಮೊಳ ಜಾಗ ಬಿಟ್ಟವ್ರಲ್ಲ," ಅಂದರು.

ಚುಚ್ಚಬೇಕೆಂದು ಅಂದದ್ದಲ್ಲ. ಅವರಿಗೆ ನಿಜವಾಗಿಯೂ ಅಷ್ಟೇ ಸಾಕಾಗಿತ್ತು. ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು, ಆರಿದ್ದನ್ನೇ ಕುಡಿದೆ.

ಮಾರನೇ ದಿನ ಕಚೇರಿಗೆ ಹೋಗುವ ಮೊದಲು ಮಾವನ ಪುಟ ತೆರೆದೆ. ನೀರು, ಕರೆಂಟು ಆದಮೇಲೆ ಕೊನೆಯ ಸಾಲು ಹೀಗಿತ್ತು: 'ಹೊಳಲ್ಕೆರೆ ಗಿರಣಿಯವರು ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದು ಹೋದರು.'

ಅದರ ಕೆಳಗೆ ಟಿಪ್ಪಣಿ ಬರೆಯುವ ಜಾಗ ಖಾಲಿಯಿತ್ತು. ಕೂತು ಬರೆದೆ: 'ಆ ಗೋಡೆಯ ಕಪ್ಪನ್ನು ಮಳೆ ತೊಳೆದದ್ದಲ್ಲ. ಮಾವ ಊರಿನಲ್ಲಿಲ್ಲದಾಗ ಬಣ್ಣ ಹೊಡೆಸಿದ್ದು ನಾನು.' ಕೆಳಗೆ ನನ್ನ ನಿಜವಾದ ಹೆಸರು ಹಾಕಿದೆ. ಇದೇ ಮಾತನ್ನು ನನ್ನ ಲೇಖನದ ಕೊನೆಗೂ ಸೇರಿಸಿದೆ. ಭಲೇ ಅಂದಿದ್ದವರು ಯಾರೂ ಆ ಕಡೆ ಮತ್ತೆ ಬರಲಿಲ್ಲ.

ಸಂಜೆ ಕಚೇರಿಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲೇ ಮಾವನ ಪುಟ ನೋಡಿದೆ. ಟಿಪ್ಪಣಿ ಅಲ್ಲೇ ಇತ್ತು. ಅವರು ಅಳಿಸಿರಲಿಲ್ಲ.